ಹಿಮದ ನಾಡಿನ ಮನೆವಾರ್ತೆ

ಮಣಿಪಾಲದ ಎಂ.ಐ.ಟಿ.ಯ ಸಂಶೋಧಕರು ಅಂಟಾರ್ಕ್ಟಿಕಾದ ಸರೋವರಗಳ ತಳದ ಕೆಸರನ್ನು ಪರೀಕ್ಷಿಸಿ, ಸಾವಿರಾರು ವರ್ಷಗಳ ಹಿಂದಿನ ಹವಾಮಾನವನ್ನು ಅರಿಯಲು ಶ್ರಮಿಸಿರುವುದು ನಮ್ಮ ಉಡುಪಿ ಜಿಲ್ಲೆಗೆ ಹೆಮ್ಮೆಯ ವಿಷಯ. ಅಂತಹ ಸರೋವರಗಳ ನಡುವೆಯೇ ಭಾರತದ 'ಮೈತ್ರಿ' ಸಂಶೋಧನಾ ಕೇಂದ್ರವಿದೆ.

1983-84ರಲ್ಲಿ ಹಿಮದ ಹಾಸಿನ ಮೇಲೆ ಕಟ್ಟಿದ 'ದಕ್ಷಿಣ ಗಂಗೋತ್ರಿ' ಕೆಲವೇ ವರ್ಷಗಳಲ್ಲಿ ಹಿಮದಡಿ ಹೂತುಹೋಯಿತು. ಆದ್ದರಿಂದ 1989ರಲ್ಲಿ 'ಮೈತ್ರಿ'ಯನ್ನು ಬಂಡೆನೆಲದ ಮೇಲೆ ನೆಲೆಗೊಳಿಸಲಾಯಿತು. 2012ರಲ್ಲಿ 'ಭಾರತಿ' ಜೊತೆಗೂಡಿತು. ಚಳಿಗಾಲದಲ್ಲಿ ಅತ್ತ ಹಡಗು ಸುಳಿಯದು. ಬೇಸಿಗೆಯಲ್ಲಿ ಬಂದಿಳಿದ ಧಾನ್ಯ, ಇಂಧನ, ಔಷಧಗಳಲ್ಲಿಯೇ ವರ್ಷ ಕಳೆಯಬೇಕು. ವಿಜ್ಞಾನಿಯಾಗಲಿ, ವೈದ್ಯನಾಗಲಿ, ಸರದಿಯಂತೆ ಅಡುಗೆಮನೆಗೂ ಕೈ ನೀಡಬೇಕು.

ಇದಕ್ಕಿಂತ ನಮ್ಮ ಮನ ಸೆಳೆದದ್ದು ಅಲ್ಲಿಯ ಕಸದ ಲೆಕ್ಕ. 1991ರ ಮ್ಯಾಡ್ರಿಡ್ ಒಡಂಬಡಿಕೆಯಂತೆ ಪ್ಲಾಸ್ಟಿಕ್, ಬ್ಯಾಟರಿ, ಹಳೆಯ ಎಣ್ಣೆಗಳನ್ನು ಅಲ್ಲಿ ಬಿಡುವಂತಿಲ್ಲ. ಕೂಡಿಟ್ಟು ಹಡಗಿನಲ್ಲಿ ಹೊರತರಲೇಬೇಕು. ಅಂದರೆ ಆ ಮನೆಗೆ ಹಿತ್ತಿಲೆಂಬುದಿಲ್ಲ.

ನಮಗಾದರೂ ಇದೆಯೇ? ಕಾಪುವಿನ ದೀಪಸ್ತಂಭದ ಬಳಿ, ನಾವು ಎಸೆದುದನ್ನೇ ಅಲೆಗಳು ನಮ್ಮ ಕಾಲಬುಡಕ್ಕೆ ತಂದು ಹಾಕುತ್ತವೆ. ಜನವಿಲ್ಲದ ಹಿಮದಲ್ಲಿ ಪಾಲಿಸುವ ನಿಯಮವನ್ನು ಮಕ್ಕಳಾಡುವ ಮರಳಿನಲ್ಲಿ ನಾವೇಕೆ ಪಾಲಿಸಬಾರದು? ಮುಂದಿನ ಬಾರಿ ಕಡಲತೀರಕ್ಕೆ ಬುತ್ತಿ ಕಟ್ಟುವ ತಾಯಂದಿರು ಒಂದು ಬರಿಯ ಚೀಲವನ್ನೂ ಜೊತೆಗಿಡಲಿ. ಅದನ್ನು ತುಂಬಿ ಮನೆಗೆ ತರುವ ಹೊಣೆಯನ್ನು ತಂದೆಯಂದಿರು ಹೊರಲಿ.