ಕೋಟೆ ಕೆಡವಿದ ಮೇಲೆ ಬೆಳೆದ ಪೇಟೆ

ಮುಂಬಯಿಯ ಫೋರ್ಟ್‌ನಲ್ಲಿ ಈಗ ಕೋಟೆಯಿಲ್ಲ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಗೋಡೆಗಳನ್ನು ಕೆಡವಿಸಿದ, ಹೆಸರಷ್ಟೇ ಉಳಿಯಿತು. ಅದೇ ಹೊತ್ತಿಗೆ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಗಿ, ಮುಂಬಯಿಗೆ ಹಣದ ಹೊಳೆ ಹರಿಯಿತು. ಹಾಗೆ ಹಡಗೇರಿದ ಹತ್ತಿಯಲ್ಲಿ ಕುಮಟೆಯ ಬಂದರಿನಿಂದ ಬಂದ ಧಾರವಾಡದ ಹತ್ತಿಯೂ ಇತ್ತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಆ ಹಣದಲ್ಲಿ ಉಬ್ಬಿದ್ದ ಷೇರುಗಳು ನೆಲಕಚ್ಚಿದವು. ಹತ್ತಿ ವ್ಯಾಪಾರದ ದೊರೆ ಪ್ರೇಮಚಂದ್ ರಾಯಚಂದ್ ಕೂಡ ಮುಳುಗಿದರು. ಅದಕ್ಕೆ ಮುಂಚೆ ಅವರು ಕೊಟ್ಟ ದಾನದಿಂದ, ತಾಯಿಯ ಹೆಸರಿನಲ್ಲಿ ಎದ್ದ ರಾಜಾಬಾಯಿ ಗೋಪುರ ಇಂದಿಗೂ ಗಂಟೆ ತೋರಿಸುತ್ತಿದೆ.

ಷೇರು ದಲ್ಲಾಳಿಗಳ ವಹಿವಾಟು ಶುರುವಾದದ್ದು ಟೌನ್ ಹಾಲ್ ಬಳಿಯ ಆಲದ ಮರದಡಿ. 1875ರಲ್ಲಿ ಅವರದೇ ಸಂಘವಾಯಿತು. ಅವರು ನೆಲೆಯೂರಿದ ಓಣಿ ದಲಾಲ್ ಸ್ಟ್ರೀಟ್ ಆಯಿತು. 1995ರಲ್ಲಿ ಕಂಪ್ಯೂಟರ್ ಬರುವವರೆಗೂ ಅಲ್ಲಿ ವ್ಯಾಪಾರವೆಂದರೆ ಕೂಗು ಮತ್ತು ಕೈಸನ್ನೆ.

ಕೂಗು ನಿಂತರೂ ಬೀದಿ ಸಾಯಲಿಲ್ಲ. ಅಲ್ಲೇ ಹತ್ತಿರದ ಹಾರ್ನಿಮನ್ ಸರ್ಕಲ್‌ನ ಕಟ್ಟಡಗಳನ್ನು ನೋಡಬೇಕು: ಬಿಲ್ಲಿನಂತೆ ಬಾಗಿದ ಸಾಲು, ಕೆಳಗೆ ಕಲ್ಲುಕಮಾನುಗಳ ಉದ್ದನೆಯ ಮೊಗಸಾಲೆ. ಆಷಾಢದ ಮಳೆ ಹೊರಗೆ ಹೊಯ್ಯುತ್ತಿದ್ದರೂ ಫೈಲು ಹಿಡಿದ ಗುಮಾಸ್ತ ಒಣಗಿದ ಅಂಗಿಯಲ್ಲೇ ನಡೆದುಹೋಗಬಹುದು. ಕಟಿಂಗ್ ಚಾ ಕುಡಿಯುತ್ತ ನಿಂತು ಮಾತಾಡಬಹುದು. ನಡೆಯುವವನನ್ನು ಮೊದಲು ನೆನೆದು ಕಟ್ಟಿದ ಪೇಟೆ ಇದು.

ಕನ್ನಡಿಗರಿಗೂ ಇಲ್ಲಿ ಜಾಗ ಸಿಕ್ಕಿತು. ತುಳುನಾಡಿನಿಂದ ಬಂದ ಹುಡುಗರು ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕೂತು ಕಲಿತರು. ಅವರಲ್ಲಿ ಎಷ್ಟೋ ಮಂದಿ ಮುಂದೆ ಬ್ಯಾಂಕು, ಕಚೇರಿಗಳ ಮೇಜಿಗೆ ಬಂದರು. ಯಾವ ಷೇರು ಸೂಚ್ಯಂಕಕ್ಕೂ ಸಿಗದ ಈ ಏರಿಕೆಯೇ ಫೋರ್ಟಿನ ದೊಡ್ಡ ಗಳಿಕೆ.

ಈಗ ದೊಡ್ಡ ಹಣವೆಲ್ಲ ಬಾಂದ್ರಾ-ಕುರ್ಲಾ ಸಂಕೀರ್ಣದತ್ತ (ಬಿಕೆಸಿ) ಸರಿದಿದೆ. ಮೀಠಿ ನದಿಯ ಜೌಗುನೆಲದ ಮೇಲೆ ಎದ್ದ ಆ ಗಾಜಿನ ಪೇಟೆಯಲ್ಲಿ ರಾಷ್ಟ್ರೀಯ ಷೇರುಪೇಟೆಯಿದೆ, ಷೇರುಪೇಟೆಯ ನಿಯಂತ್ರಕ ಸೆಬಿಯಿದೆ, ವಜ್ರದ ಮಾರುಕಟ್ಟೆಯಿದೆ. ಆದರೆ ರಸ್ತೆ ಅಗಲ, ಗೇಟು ಎತ್ತರ, ನೆರಳು ಕಡಿಮೆ. ಬಾಂದ್ರಾ ಸ್ಟೇಷನ್ನಿನಲ್ಲಿ ಇಳಿದವರು ಶೇರ್ ಆಟೊಗೆ ಸಾಲು ನಿಲ್ಲುತ್ತಾರೆ. ಅಲ್ಲಿ ಎರಡು ಕಟ್ಟಡಗಳ ನಡುವಿನ ದೂರ ಕಾರಿನ ಅಳತೆಯದು, ಕಾಲಿನ ಅಳತೆಯದಲ್ಲ.

ಭೂಗತ ಮೆಟ್ರೊ ಈಗ ಎರಡೂ ಪೇಟೆಗಳನ್ನು ಜೋಡಿಸಿದೆ. ಫೋರ್ಟಿನ ಹುತಾತ್ಮ ಚೌಕದಲ್ಲಿ ಹತ್ತಿ ಬಿಕೆಸಿಯಲ್ಲಿ ಮೇಲೆ ಬಂದವನಿಗೆ ಕಚೇರಿಯವರೆಗೆ ನೆರಳಿನ ದಾರಿ ಬೇಕು, ಆ ದಾರಿಯಲ್ಲಿ ಚಹಾದವನಿಗೆ ಆರಡಿ ಜಾಗವೂ ಬೇಕು. ಹೊಸ ಗೋಪುರಕ್ಕೆ ಪರವಾನಗಿ ಕೊಡುವಾಗಲೇ ನಗರ ಇದನ್ನು ಕೇಳಿ ಪಡೆಯಬೇಕು.