ಛಾವಣಿಯ ಕೆಳಗಿನ ಛಾವಣಿ

ಜಗಳೂರಿನ ಬಯಲಿನ ಮಣ್ಣಿನ ಮಾಳಿಗೆಯೂ ಚನ್ನಗಿರಿ, ನ್ಯಾಮತಿಗಳ ಕಡೆಯ ಹೆಂಚಿನ ಮಾಡೂ ದಿನೇದಿನೇ ವಿರಳವಾಗುತ್ತ, ಅವುಗಳೆಡೆಯಲ್ಲಿ ಎದ್ದ ಕಾಂಕ್ರೀಟಿನ ಅಂಗಡಿ, ಕಲ್ಯಾಣಮಂಟಪಗಳು ಒಳಗೊಳಗೇ ಮತ್ತೊಂದು ಛಾವಣಿಯನ್ನು, ಹೊಳೆಯುವ ಪಿವಿಸಿ ಸೀಲಿಂಗನ್ನು, ಧರಿಸತೊಡಗಿವೆ. ಗೆದ್ದಲು ಹತ್ತದ, ನೀರಿಗೆ ಕೊಳೆಯದ, ಬಣ್ಣ ಬೇಡದ ವಸ್ತುವಿಗೆ ಜನರು ಮನಸೋತರೆ ಆಶ್ಚರ್ಯವೇನು?

ಮಾರುವವನು ಲೈಟರ್ ಹಚ್ಚಿ ಪಟ್ಟಿಯ ತುದಿಗೆ ಹಿಡಿದು, ಜ್ವಾಲೆಯನ್ನು ಹಿಂದೆಗೆದೊಡನೆ ಅದು ತಾನಾಗಿ ಆರುವುದನ್ನು ತೋರಿಸಿ, “ನೋಡಿ ಸಾರ್, ಬೆಂಕಿ ಹತ್ತೋದೇ ಇಲ್ಲ” ಎನ್ನುವುದುಂಟು. ಅವನು ತೋರಿಸುವುದು ಸುಳ್ಳಲ್ಲ. ತೂಕದಲ್ಲಿ ಅರ್ಧಕ್ಕಿಂತ ಮಿಗಿಲಾಗಿ ಕ್ಲೋರಿನ್ ಅಡಕವಾಗಿರುವ ಗಟ್ಟಿ ಪಿವಿಸಿ ಕಿರುಜ್ವಾಲೆಗೆ ಸುಲಭವಾಗಿ ಮಣಿಯದು. ಆದರೆ ಕೆಳಗೆ ಪರದೆ, ಕುರ್ಚಿ, ಬಟ್ಟೆಯ ಥಾನುಗಳು ಉರಿಯುತ್ತಿರುವಾಗ, ಸುಮಾರು 80 ಡಿಗ್ರಿಯಲ್ಲಿಯೇ ಮೆತ್ತಗಾಗುವ ಆ ಪಟ್ಟಿ ಜೋತುಬಿದ್ದು ಕಳಚಿ, ಇನ್ನೂ ಕಾದಾಗ ಅದೇ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಟು, ಕಣ್ಣು ಗಂಟಲುಗಳ ತೇವದೊಡನೆ ಕೂಡಿ ಆಮ್ಲವಾಗುತ್ತದೆ. ಬಾಗಿಲು ಹತ್ತು ಮಾರು ದೂರದಲ್ಲಿದ್ದರೂ ಕಾಣದವನಿಗೆ ಅದು ಇದ್ದೇನು, ಇಲ್ಲದಿದ್ದೇನು! ಮಂಟಪದ ಅಲಂಕಾರಕ್ಕೆ ಕತ್ತರಿಸುವ ಥರ್ಮಾಕೋಲಿನ ಮಾತಂತೂ ಬೇರೆಯೇ. ಅದು ಕರಗಿ, ಉರಿಯುತ್ತಲೇ ತೊಟ್ಟಿಕ್ಕಿ, ದಟ್ಟವಾದ ಕರಿಹೊಗೆಯನ್ನು ಕಾರುತ್ತದೆ.

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಮಂದಿ ಮಡಿದರು. ಅಲ್ಲಿ ಮೃತ್ಯುವಿನ ವಾಹನವಾದುದು ಜ್ವಾಲೆಗಿಂತ ಹೆಚ್ಚಾಗಿ ವಿದ್ಯುತ್ ತಂತಿಗಳ ಕೊಳವೆಮಾರ್ಗದಿಂದ ಮಹಡಿಮಹಡಿಗೆ ಏರಿದ ಹೊಗೆ. ಅದನ್ನು ತಾಳಲಾರದೆ ಕೆಲವರು ಮೇಲಿನಿಂದ ಧುಮುಕಿದರು. ರಾಜಧಾನಿಯ ಮಹಾಸೌಧದ ಕಥೆ ನಮಗೇಕೆ ಎನ್ನುವವರು, ನಮ್ಮ ಅಂಗಡಿಗಳಲ್ಲಿಯೂ ತಂತಿಗಳು ಸೀಲಿಂಗಿನ ಮೇಲಣ ಆ ಕಾಣದ ಸಂದಿನಲ್ಲಿಯೇ ಹರಿಯುತ್ತವೆಂಬುದನ್ನು ಮರೆಯಬಾರದು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಳಹೊದಿಕೆಯ ವಸ್ತುಗಳನ್ನು ಜ್ವಾಲೆ ಹರಡುವ ವೇಗಕ್ಕನುಗುಣವಾಗಿ 4 ವರ್ಗಗಳಾಗಿ ವಿಂಗಡಿಸಿದೆ. ಮಂಟಪಕ್ಕೆ ಪರವಾನಗಿ ನೀಡುವ ಪುರಸಭೆ, ಪಟ್ಟಣ ಪಂಚಾಯಿತಿಗಳು ಗೋಡೆಯ ನಕ್ಷೆಯೊಡನೆ ಸೀಲಿಂಗಿನ ಪರೀಕ್ಷಾಪತ್ರವನ್ನೂ ಕೇಳಿದರೆ ಮಾಲೀಕನಿಗೆ ಹೊರೆಯೇನೂ ಆಗದು. ಅಡುಗೆಮನೆ, ಮೆಟ್ಟಿಲು, ನಿರ್ಗಮನದ ಓಣಿಗಳಲ್ಲಿ ಪ್ಲಾಸ್ಟಿಕ್ಕಿನ ಬದಲು ಜಿಪ್ಸಮ್ ಹಲಗೆ ಹಾಕಿಸಿದರೆ ಶೋಭೆಗೂ ಕೊರತೆಯಾಗದು. ಲಗ್ನದ ಹಂಗಾಮು ತೊಡಗುವ ಮುನ್ನವೇ ಈ ತಪಾಸಣೆ ನಡೆಯಬೇಕು; ಚಪ್ಪರ ಹಾಕಿ, ಬೀಗರು ಬಂದಿಳಿದ ಮೇಲೆ ಯಾವ ಅಧಿಕಾರಿಯೂ ಮಂಟಪಕ್ಕೆ ಬೀಗ ಹಾಕಿಸಲಾರ.