ಎಂಟು ಚೌಕದಲ್ಲಿ ಕನ್ನಡ ಹಿಡಿಸುವುದಿಲ್ಲವಂತೆ!

ಹಳೇ ಬೇಸಿಕ್‌ನ ಹುಚ್ಚು ಹಿಡಿದ ಹುಡುಗರು ನಮ್ಮಲ್ಲೂ ಇದ್ದಾರೆ. ಹಗಲೆಲ್ಲ ಕಂಪನಿಯಲ್ಲಿ ದುಡಿದು, ರಾತ್ರಿ ಕೂತು ಕ್ಯೂಬಿ64, ಬಿಬಿಸಿ ಬೇಸಿಕ್ ಹಚ್ಚಿಕೊಂಡು ಪರದೆಯ ಮೇಲೆ ಬಣ್ಣ ಕುಣಿಸುತ್ತಾರೆ. ಬೆಂಕಿ ಉರಿಸುತ್ತಾರೆ, ನಕ್ಷತ್ರ ಹಾರಿಸುತ್ತಾರೆ. ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ ಪುಟ್ಟ ಪುಟ್ಟ ಚಿತ್ರದ ಚೌಕಗಳನ್ನು ಜೋಡಿಸಿ ಆಟಕ್ಕೆ ನಕಾಶೆ ಕಟ್ಟುತ್ತಾರೆ. ಇದಕ್ಕೆ ಡೆಮೋ ಅಂತ ಹೆಸರು. ಕಾಸು ಹುಟ್ಟುವುದಿಲ್ಲ, ಬರೀ ಶೋಕಿ.

ಶೋಕಿಯ ಬಗ್ಗೆ ನನ್ನ ತಕರಾರಿಲ್ಲ. ಫಿನ್ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ಈ ಡೆಮೋ ಕಲೆಯನ್ನು ತಮ್ಮ ದೇಶದ ಜೀವಂತ ಪರಂಪರೆಯ ಪಟ್ಟಿಗೇ ಸೇರಿಸಿಕೊಂಡವು. ನನ್ನ ತಕರಾರು ಇಷ್ಟೇ: ಕನ್ನಡದ ಹುಡುಗ ಮಾಡಿದ ಡೆಮೋದಲ್ಲಿ ಓಡುವ ಅಕ್ಷರ ಯಾವುದು? ಇಂಗ್ಲಿಷು. ಅವನ ಹೆಸರು ಇಂಗ್ಲಿಷಿನಲ್ಲಿ, ಅವನ ಊರಿನ ಹೆಸರು ಇಂಗ್ಲಿಷಿನಲ್ಲಿ. ನಕಾಶೆ ನೋಡಿದರೆ ಹಿಮ, ಪೈನ್ ಮರ, ಯುರೋಪಿನ ಕೋಟೆ. ಯಾಕಪ್ಪಾ ಅಂದರೆ ಉತ್ತರ ಸಿದ್ಧ: “ಎಂಟು ಚೌಕದಲ್ಲಿ ಕನ್ನಡ ಹಿಡಿಸುವುದಿಲ್ಲಣ್ಣ.”

ಈ ಮಾತು ಅರ್ಧ ನಿಜ. ಆ ಅರ್ಧವನ್ನು ಮೊದಲು ಒಪ್ಪಿಕೊಂಡುಬಿಡೋಣ.

1984-85ರಲ್ಲಿ ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಯೋಜನೆ ತಂದು ಶಾಲೆಗಳಿಗೆ ಕಂಪ್ಯೂಟರ್ ಹಂಚಿತು. ಬಂದದ್ದು ಇಂಗ್ಲೆಂಡಿನ ಬಿಬಿಸಿ ಮೈಕ್ರೋ. ಅದರ ಬೇಸಿಕ್‌ನಲ್ಲಿ ನಮ್ಮದೇ ಅಕ್ಷರ ಬರೆಯಲು ಒಂದು ದಾರಿಯಿತ್ತು. ಅಡ್ಡ ಎಂಟು, ಉದ್ದ ಎಂಟು ಚುಕ್ಕೆಯ ಮನೆ. ಒಂದೊಂದು ಸಾಲಿಗೂ ಒಂದು ಅಂಕೆ. ಎಡದಿಂದ ಬಲಕ್ಕೆ ಮನೆಗಳ ಬೆಲೆ 128, 64, 32, 16, 8, 4, 2, 1. ಚುಕ್ಕೆ ಬೇಕಾದ ಮನೆಗಳ ಬೆಲೆ ಕೂಡಿದರೆ ಆ ಸಾಲಿನ ಅಂಕೆ ಸಿಗುತ್ತದೆ. ‘ವಿಡಿಯು 23, 224’ ಎಂದು ಬರೆದು ಮುಂದೆ 60, 66, 129, 129, 129, 129, 66, 60 ಎಂದು ಕೊಟ್ಟರೆ ಕನ್ನಡದ ಸೊನ್ನೆ ಸಿದ್ಧ. ಹೈಸ್ಕೂಲಿನ ಹುಡುಗಿಯೂ ಅರ್ಧ ಗಂಟೆಯಲ್ಲಿ ಕಲಿಯುವ ಕೆಲಸ.

ಆದರೆ ಸೊನ್ನೆಯೇ ಎಂಟೂ ಸಾಲು ತಿಂದುಹಾಕಿತು. ಇನ್ನು ತಲೆಕಟ್ಟು ಎಲ್ಲಿ ಕೂರಬೇಕು? ಒತ್ತು ಎಲ್ಲಿ ಇಳಿಯಬೇಕು? ಅಷ್ಟೇ ಅಲ್ಲ, ಹೀಗೆ ನಮಗೇ ಅಂತ ಸಲೀಸಾಗಿ ಬಿಟ್ಟುಕೊಟ್ಟ ಜಾಗ 224ರಿಂದ 255ರವರೆಗೆ 32 ಮಾತ್ರ. ನಮ್ಮ ವರ್ಣಮಾಲೆಯೇ 49. ಗುಣಿತ, ಒತ್ತು ಬೇರೆ. ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ ಅದು. ಕನ್ನಡಕ್ಕೆ ತೊಡಿಸಿದರೆ ತೋಳೂ ಹರಿಯುತ್ತದೆ, ಬೆನ್ನೂ ಹರಿಯುತ್ತದೆ.

ಹಾಗಂತ ಕೈಬಿಡುವುದೇ? ನಾನು ಪಿಯುಸಿ ಓದಿದ ಪ್ರೆಸ್ಸಿನವನು, ಎಂಜಿನಿಯರಲ್ಲ. ಆದರೆ ಅಕ್ಷರವನ್ನು ಚೌಕದಲ್ಲಿ ಕೂರಿಸುವ ಕಷ್ಟ ಮೊದಲು ಬಂದದ್ದು ಕಂಪ್ಯೂಟರಿನವರಿಗಲ್ಲ, ಅಚ್ಚುಮೊಳೆ ಜೋಡಿಸುವವರಿಗೆ. ಅಚ್ಚುಮೊಳೆಯೂ ಒಂದು ಟೈಲೇ. ಮರದ ಕೇಸಿನಲ್ಲಿ ಮನೆ ಮನೆ ಮಾಡಿ, ಒಂದೊಂದು ಮನೆಯಲ್ಲಿ ಒಂದೊಂದು ಮೊಳೆ ಇಟ್ಟಿರುತ್ತಿದ್ದರು. ಕನ್ನಡದ ಸಾವಿರಾರು ಸಂಯುಕ್ತಾಕ್ಷರಕ್ಕೆ ಸಾವಿರಾರು ಮೊಳೆ ಎರಕ ಹೊಯ್ಯಲಿಲ್ಲ. ಅಕ್ಷರದ ಮೊಳೆ ಬೇರೆ, ಒತ್ತಿನ ಮೊಳೆ ಬೇರೆ. ಕಂಪೋಸಿಂಗ್ ಮಾಡುವವನು ಸೇರಿಸಿಕೊಳ್ಳುತ್ತಿದ್ದ. ಟ್ರೆಡಲ್ ಕಾಲದ ಮುದುಕರನ್ನು ಕೇಳಿ, ಕಣ್ಣು ಮುಚ್ಚಿಕೊಂಡು ಯಾವ ಮನೆಯಲ್ಲಿ ಯಾವ ಒತ್ತು ಇತ್ತು ಅಂತ ಹೇಳುತ್ತಾರೆ. ಟೈಲು ಜೋಡಿಸುವ ಹುಡುಗ ಅವರ ಹತ್ತಿರ ಒಂದು ಸಂಜೆ ಕೂತರೆ ಅರ್ಧ ಪ್ರೋಗ್ರಾಮು ಅಲ್ಲೇ ಮುಗಿಯುತ್ತದೆ.

ಲೆಕ್ಕ ನೋಡಿ. ಒಂದು ಕನ್ನಡ ಅಕ್ಷರಕ್ಕೆ ಅಡ್ಡ 16, ಉದ್ದ 24 ಚುಕ್ಕೆ ಕೊಡಿ. ಮೇಲಿನ 16 ಸಾಲು ಅಕ್ಷರ ಮತ್ತು ತಲೆಕಟ್ಟಿಗೆ, ಕೆಳಗಿನ 8 ಸಾಲು ಒತ್ತಿಗೆ. ಕ್ಯೂಬೇಸಿಕ್‌ನ ಸ್ಕ್ರೀನ್ 13ರಲ್ಲಿ 320 ಅಡ್ಡ, 200 ಉದ್ದ ಚುಕ್ಕೆ ಇವೆ. ಸಾಲಿಗೆ 20 ಅಕ್ಷರದಂತೆ ಎಂಟು ಸಾಲು ಕನ್ನಡ ಬರುತ್ತದೆ. ಇಂಗ್ಲಿಷಿಗೆ ಅಲ್ಲಿ 40 ಅಕ್ಷರದ 25 ಸಾಲು. ನಮಗೆ ಕಡಿಮೆ ಬಂತು, ಒಪ್ಪೋಣ. ಡೆಮೋದಲ್ಲಿ ಯಾರೂ ಮಹಾಭಾರತ ಬರೆಯುವುದಿಲ್ಲ. ಎಂಟು ಸಾಲು ಧಾರಾಳ.

ಇಲ್ಲಿ ಒಂದು ಎಚ್ಚರ ಬೇಕು. ಇದನ್ನು ಹೇಳಲಿಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಯುನಿಕೋಡ್ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಆದರೂ ಬಹಳ ವರ್ಷ ನಮ್ಮ ಡಿಟಿಪಿ ನಡೆದದ್ದು ಬೇರೆ ಫಾಂಟುಗಳ ಮೇಲೆ. ಇಂಗ್ಲಿಷ್ ಅಕ್ಷರಗಳ 256 ಮನೆಗಳಲ್ಲಿ ಕನ್ನಡದ ತುಂಡುಗಳನ್ನು ತುಂಬಿದ ಫಾಂಟುಗಳವು. ಅವನ್ನು ಮಾಡಿದವರನ್ನು ನಾನು ಬೈಯುವುದಿಲ್ಲ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ಜೋಡಣೆ ರೂಪಿಸಿಕೊಟ್ಟರು, 1998ರಲ್ಲಿ ‘ಬರಹ’ ಬಂತು, ಆಮೇಲೆ ‘ನುಡಿ’ ಬಂತು. ಅವರು ಇಲ್ಲದಿದ್ದರೆ ನಮ್ಮಂಥ ಪ್ರೆಸ್ಸುಗಳಲ್ಲಿ ಕರಪತ್ರವೂ ಅಚ್ಚಾಗುತ್ತಿರಲಿಲ್ಲ. ಆದರೆ ಫಾಂಟು ಬದಲಾಯಿಸಿದ ಕೂಡಲೇ ಕನ್ನಡ ಹೋಗಿ ಇಂಗ್ಲಿಷಿನ ಕಲಸುಮೇಲೋಗರ ಕಾಣುತ್ತಿತ್ತು. ಒಳಗೆ ಇದ್ದದ್ದು ಕನ್ನಡವಲ್ಲ, ಕನ್ನಡದ ವೇಷ. ಇವತ್ತಿಗೂ ಮೊಬೈಲಿನಲ್ಲಿ ಬರೆದು ತಂದ ಲಗ್ನಪತ್ರಿಕೆಯನ್ನು ಹಳೇ ಫಾಂಟಿಗೆ ಇಳಿಸಿದರೆ ಅರ್ಕಾವತ್ತು ಎಲ್ಲೋ ಹಾರಿರುತ್ತದೆ. ಒಂದೊಂದು ಹೆಸರನ್ನೂ ಕೈಯಲ್ಲಿ ತಿದ್ದಿ ಕೂರಬೇಕು. ಆ ದಂಡವನ್ನು ನಾವು ಇನ್ನೂ ಕಟ್ಟುತ್ತಿದ್ದೇವೆ.

ನೀವು ಆ ಸಾಲ ಮತ್ತೆ ಮಾಡಬೇಡಿ. ಚಿತ್ರ ಚೌಕದಲ್ಲಿರಲಿ, ಬರಹ ಯುನಿಕೋಡಿನಲ್ಲಿರಲಿ. ಹಳೇ ಬೇಸಿಕ್‌ಗೆ ಅಕ್ಷರವೆಂದರೆ ಒಂದು ಬೈಟು. ಯುಟಿಎಫ್-8ರಲ್ಲಿ ಉಳಿಸಿದ ‘ಕನ್ನಡ’ ಎಂಬ ಪದ ಕೊಟ್ಟು ಉದ್ದ ಎಷ್ಟು ಅಂತ ಕೇಳಿದರೆ 15 ಅನ್ನುತ್ತದೆ. ಅದಕ್ಕೆ ಸುಲಭದ ದಾರಿಯಿದೆ. ಯುನಿಕೋಡಿನಲ್ಲಿ ಕನ್ನಡದ ಓಣಿ ಶುರುವಾಗುವುದು 3200ನೇ ನಂಬರಿನಿಂದ, ಒಟ್ಟು 128 ಮನೆ. ಪ್ರತಿ ಅಕ್ಷರದ ನಂಬರಿನಲ್ಲಿ 3200 ಕಳೆಯಿರಿ, ಉಳಿದದ್ದೇ ಟೈಲಿನ ನಂಬರು. ಅ ಅಂದರೆ 5, ಕ ಅಂದರೆ 21. ‘ಕನ್ನಡ’ ಅಂದರೆ 21, 40, 77, 40, 33. ಡೇಟಾ ಸಾಲಿನಲ್ಲಿ ಇಷ್ಟೇ ಬರೆದರೆ ಸಾಕು.

77 ಅಂದರೆ ವಿರಾಮ. 77ರ ಹಿಂದೆಯೇ ವ್ಯಂಜನ ಬಂದರೆ ಅದರ ಒತ್ತನ್ನು ತೆಗೆದು ಹಿಂದಿನ ಅಕ್ಷರದ ಕೆಳಗಿಡು, ಇದು ಮೊದಲ ನಿಯಮ. ‘ಸ್ತ್ರೀ’, ‘ರಾಷ್ಟ್ರ’ ಬಂದಾಗ ಎರಡನೇ ಒತ್ತನ್ನು ಪಕ್ಕಕ್ಕೆ ಸರಿಸು. 48 ಆಗಿ 77 ಬಂದರೆ ಅದು ಅರ್ಕಾವತ್ತು: ಮುಂದಿನ ಅಕ್ಷರ ಮೊದಲು ಬರೆ, ಆಮೇಲೆ ಅದರ ಬಲಕ್ಕಿಡು. ಕಂಪೋಸಿಂಗ್ ಕಲಿಯುವ ಹುಡುಗನಿಗೆ ಹೇಳಿಕೊಡುತ್ತಿದ್ದ ಪಾಠವೇ ಇದು. ಹೀಗೆ ಬರೆದ ಡೇಟಾಕ್ಕೆ ನಾಳೆ 3200 ಕೂಡಿದರೆ ಯಾವ ಮೊಬೈಲೂ ಅದನ್ನು ಕನ್ನಡ ಅಂತಲೇ ಓದುತ್ತದೆ.

ಪ್ರಿಂಟ್, ಗೋಟು ಎಂಬ ಆಜ್ಞೆಗಳನ್ನೂ ಕನ್ನಡಕ್ಕೆ ತರಬೇಕು ಅನ್ನುವವರಿದ್ದಾರೆ. ನನಗೆ ಆ ಹಟವಿಲ್ಲ. ಇಪ್ಪತ್ತು ಮೂವತ್ತು ಪದ ಬೇಗ ಕಲಿಯಬಹುದು. ಪರದೆಯ ಮೇಲೆ ಕಾಣುವುದು ಕನ್ನಡವಾಗಲಿ, ಪ್ರೋಗ್ರಾಮಿನ ಜೊತೆ ಕೊಡುವ ವಿವರಣೆ ಕನ್ನಡವಾಗಲಿ. ಟೈಲುಗಳನ್ನು ಬೀಗ ಹಾಕಿಡದೆ ಹಂಚಿ. ಮೈಕ್ರೋಸಾಫ್ಟಿನವರೇ 2020ರಲ್ಲಿ ಜಿಡಬ್ಲ್ಯೂ-ಬೇಸಿಕ್‌ನ ಮೂಲ ಕೋಡು ಬಿಚ್ಚಿಟ್ಟರು, ನಿಮ್ಮ ‘ಅ’ ಬಿಚ್ಚಿಡಲು ಏನು ಕಷ್ಟ? ಸರಕಾರ ಸಮಿತಿ ಮಾಡಲಿ ಅಂತ ಕಾಯಬೇಡಿ. ನಮ್ಮ 49 ಅಕ್ಷರ ಕೊರೆಯಲು ಸಮಿತಿ ಯಾಕೆ ಬೇಕು? ಎರಡು ಭಾನುವಾರ ಸಾಕು.

ನಕಾಶೆಯೂ ನಮ್ಮದಾಗಲಿ. ನಮ್ಮ ಜಗಳೂರು ತಾಲೂಕಿನ ಸೊಕ್ಕೆಯ ಕಡೆ ಬಂದರೆ ಟೈಲಿಗೇನು ಬರ? ಮೆಕ್ಕೆಜೋಳದ ಹೊಲ, ಜಾಲಿ, ಬತ್ತಿದ ಕೆರೆಯಂಗಳ. ಇದೇ ತಾಲೂಕಿನ ರಂಗಯ್ಯನದುರ್ಗದ ಕಾಡು ಇರುವುದೇ ಕೊಂಡುಕುರಿಗೆ. ತಲೆಯ ಮೇಲೆ ನಾಲ್ಕು ಕೊಂಬು ಹೊತ್ತ ಪ್ರಾಣಿ. 16 ಚುಕ್ಕೆಯ ಚೌಕದಲ್ಲಿ ನಾಲ್ಕು ಕೊಂಬು ಕಾಣುವ ಹಾಗೆ ಬರೆಯಿರಿ ನೋಡೋಣ, ಅದು ಡೆಮೋ! ಹೊರಗಿನವನು ಇದೇನು ಪ್ರಾಣಿ ಅಂತ ಕೇಳಬೇಕು.

ಸ್ಕ್ರೀನ್ 13ರಲ್ಲಿ 16ರ ಚೌಕ ಜೋಡಿಸಿದರೆ ಅಡ್ಡ 20, ಉದ್ದ 12 ಹಿಡಿಸುತ್ತವೆ. ಕೆಳಗೆ 8 ಚುಕ್ಕೆಯ ಪಟ್ಟಿ ಮಿಗುತ್ತದೆ. ಅದರಲ್ಲಿ ಇಂಗ್ಲಿಷು ಕೂರುತ್ತದೆ, ಕನ್ನಡ ಕೂರುವುದಿಲ್ಲ. ನೀವು ಹನ್ನೊಂದೇ ಸಾಲು ಹಾಸಿ. ಆಗ 24 ಚುಕ್ಕೆ ಮಿಗುತ್ತದೆ. ಅಲ್ಲಿ 56, 74, 21, 77, 21, 70 ಬರೆಯಿರಿ. ಕೊನೆಗೆ ಬರುವ 70 ಎತ್ವ. ಅದು ಕೆಳಗಿನ ಒತ್ತಿಗಲ್ಲ, ಮೇಲಿನ ‘ಕ’ಕಾರದ ತಲೆಗೆ ಏರಬೇಕು. ಅದೊಂದು ಸರಿಹೋದರೆ ಪರದೆಯ ಮೇಲೆ ‘ಸೊಕ್ಕೆ’ ಅಂತ ನೆಟ್ಟಗೆ ಬರುತ್ತದೆ.